ಇವತ್ತು ತಿರುಗಿಸಿದ ವಾಲ್ವು, ನಾಳಿದ್ದು ಬರೋ ಗಾಜು: ಗ್ಲಾಸ್ ಪ್ಲಾಂಟ್ ಕೆರಿಯರ್ ಅಂದ್ರೆ ಏನು

ಔಟರ್ ರಿಂಗ್ ರೋಡ್ ಜಾಮಲ್ಲಿ ಸಿಕ್ಕಾಕ್ಕೊಂಡಾಗ ಸುಮ್ನೆ ಎಡಕ್ಕೆ ಬಲಕ್ಕೆ ನೋಡಿ, ಬೆಳ್ಳಂದೂರಿಂದ ಮಾರತ್‌ಹಳ್ಳಿ ತನಕ ಎರಡೂ ಕಡೆ ಗಾಜೇ ಗಾಜು. ಊರಲ್ಲಿ ಇಷ್ಟೊಂದು ಗಾಜಿದ್ರೂ ಅದನ್ನ ಮಾಡೋ ಪ್ಲಾಂಟಲ್ಲಿ ದುಡಿಯೋರು ಒಬ್ಬರಾದ್ರೂ ನಿಮ್ಮ ಫೋನ್ ಕಾಂಟ್ಯಾಕ್ಟಲ್ಲಿ ಇರೋದು ಡೌಟು. ಕೋಡ್ ಬರೆಯೋರು ಗಲ್ಲಿಗೊಬ್ರು, ಎಚ್‌ಎಎಲ್ ಬಿಇಎಲ್ಲಿಂದ ರಿಟೈರ್ ಆದವರು ಪ್ರತಿ ಮದುವೆ ಮನೇಲೂ ಸಿಗ್ತಾರೆ, ಗಾಜಿನವರು ಮಾತ್ರ ಕಾಣಲ್ಲ. ಹಂಗಾಗಿ ಗ್ಲಾಸ್ ಪ್ಲಾಂಟಲ್ಲಿ ಮ್ಯಾನುಫ್ಯಾಕ್ಚರಿಂಗ್ ಮ್ಯಾನೇಜರ್ ಅಂದ್ರೆ "ಓ, ಬಾಟಲಿ ಫ್ಯಾಕ್ಟರಿ ಸೂಪರ್‌ವೈಸರ್ರಾ" ಅಂತಾರೆ, ನಮ್ಮ ಸೋದರತ್ತೆ ಇವತ್ತಿಗೂ ನನ್ನ ಹಂಗೇ ಪರಿಚಯ ಮಾಡ್ಸೋದು.

ಅವರ ತಪ್ಪೇನಿಲ್ಲ ಬಿಡಿ. ಆದ್ರೆ ಈ ಕೆಲಸ ಬೇರೆ ಫ್ಯಾಕ್ಟರಿ ಕೆಲಸದ ಥರ ಅಲ್ಲ, ಅದಕ್ಕೆ ಕಾರಣ ಎರಡು. ಮೊದಲನೇದು, ಪ್ಲಾಂಟನ್ನ ನಿಲ್ಲಿಸೋಕಾಗಲ್ಲ. ಎರಡನೇದು, ಇವತ್ತು ಮಾಡಿದ್ದರ ಫಲ ಇವತ್ತೇ ಕಾಣಲ್ಲ. ನನ್ನ ಲೆಕ್ಕದಲ್ಲಿ ಗಾಜಿನ ಲೈನಲ್ಲಿ ಪ್ರಮೋಷನ್ ಅಂದ್ರೆ ಕೈಕೆಳಗೆ ಎಷ್ಟು ಜನ ಇದಾರೆ ಅನ್ನೋದಕ್ಕಿಂತ ಎಷ್ಟು ಲೇಟಾಗಿ ರಿಸಲ್ಟ್ ಬರೋ ನಿರ್ಧಾರ ತಗೋತೀರಿ ಅನ್ನೋದು. ಶಿಫ್ಟ್ ಇಂಜಿನಿಯರ್‌ಗೆ ನಿಮಿಷದಲ್ಲಿ ಉತ್ತರ ಸಿಗತ್ತೆ, ಪ್ರೋಸೆಸ್ ಇಂಜಿನಿಯರ್‌ಗೆ ಒಂದೆರಡು ದಿನ, ಮ್ಯಾನೇಜರ್‌ಗೆ ವರ್ಷಗಳು.

ಮೊದಲು ನಿಲ್ಲಿಸೋಕಾಗದ ವಿಷಯ. ಆಯುಧ ಪೂಜೆ ಬಂದ್ರೆ ಕಾರ್ ಫ್ಯಾಕ್ಟರೀಲಿ ಲೈನ್ ಆಫ್ ಮಾಡಿ ಮಷೀನ್ ತೊಳೆದು ಕುಂಕುಮ ಇಟ್ಟು ರಜೆ ಕೊಡ್ಬಹುದು. ಗಾಜಿನ ಪ್ಲಾಂಟಲ್ಲೂ ಪೂಜೆ ಆಗತ್ತೆ, ಕುಂಬಳಕಾಯಿನೂ ಒಡೀತಾರೆ, ಆದ್ರೆ ಗೋಡೆ ಆಚೆ ಫರ್ನೇಸ್ 1500 ಡಿಗ್ರಿ ಮೇಲೆ ಉರೀತಾನೇ ಇರತ್ತೆ. ಒಂದ್ಸಲ ಹೊತ್ತಿಸಿದ್ರೆ ಹತ್ತು ಹದಿನೈದು ವರ್ಷ ಆರಿಸಂಗಿಲ್ಲ. ಆರಿಸಿದ್ರೆ ಒಳಗಿರೋ ಗಾಜು ಹೆಪ್ಪುಗಟ್ಟತ್ತೆ, ಸುತ್ತ ಇರೋ ಇಟ್ಟಿಗೆ ಬಿರುಕು ಬಿಡತ್ತೆ. ಕಿಟಕಿಯ ಚಪ್ಪಟೆ ಗಾಜು ಮಾಡೋ ದೊಡ್ಡ ಫ್ಲೋಟ್ ಫರ್ನೇಸಲ್ಲಿ ಯಾವ ಹೊತ್ತಲ್ಲಿ ನೋಡಿದ್ರೂ ಸಾವಿರದಿಂದ ಎರಡು ಸಾವಿರ ಟನ್ ಕರಗಿದ ಗಾಜು ನಿಂತಿರತ್ತೆ, ಈ ಕಡೆಯಿಂದ ದಿನಕ್ಕೆ ಐನೂರು ಆರುನೂರು ಟನ್ ಆಚೆ ಹೋಗ್ತಿರತ್ತೆ, ಆ ಕಡೆಯಿಂದ ಅಷ್ಟೇ ಗಾಜು ಆಗುವಷ್ಟು ಕಚ್ಚಾ ಮಾಲು ಒಳಗೆ ಬೀಳ್ತಿರತ್ತೆ. ಕರೆಂಟ್ ಹೋಯ್ತು ಅಂತ ಕೈಕಟ್ಟಿ ಕೂರೋ ಪ್ರಶ್ನೇನೇ ಇಲ್ಲ, ಡೀಸೆಲ್ ಜನರೇಟರ್, ಅದು ಕೈಕೊಟ್ರೆ ಇನ್ನೊಂದು, ಕೂಲಿಂಗ್ ನೀರಿಗೆ ಎತ್ತರದ ಟ್ಯಾಂಕು, ಎಲ್ಲಾ ರೆಡಿ ಇರ್ಲೇಬೇಕು. ಬೆಸ್ಕಾಂ ಕರೆಂಟ್ ನಂಬ್ಕೊಂಡು ವರ್ಕ್ ಫ್ರಮ್ ಹೋಮ್ ಮಾಡೋರಿಗೆ ಆ ಟೆನ್ಷನ್ ಸ್ವಲ್ಪ ಅರ್ಥ ಆಗ್ಬಹುದು.

ಇನ್ನು ಗಾಜು ಅಂದ್ರೇನು? ಕಿಟಕಿ, ಬಾಟಲು, ಜಾಮ್ ಜಾಡಿ ಇವೆಲ್ಲಾ ಸೋಡಾ ಲೈಮ್ ಗಾಜು. ನೂರಕ್ಕೆ ಎಪ್ಪತ್ತು ಚಿಲ್ಲರೆ ಪಾಲು ಮರಳಿನ ಸಿಲಿಕಾ, ಜೊತೆಗೆ ಸೋಡಾ ಆಶ್, ಸುಣ್ಣದ ಕಲ್ಲು, ಡಾಲಮೈಟು. ಕಾವೇರಿ ಹೊಳೆ ಮರಳು ಇದಕ್ಕೆ ಆಗಲ್ಲ, ಕಬ್ಬಿಣದ ಅಂಶ ಇದ್ರೆ ಗಾಜು ಹಸಿರಾಗತ್ತೆ, ಅದಕ್ಕೇ ದಕ್ಷಿಣದಲ್ಲಿ ಆಂಧ್ರದ ಗೂಡೂರು ಕಡೆಯ ಬಿಳಿ ಮರಳಿಗೆ ಅಷ್ಟು ಹೆಸರು. ಬರೀ ಮರಳು ಕರಗಿಸೋಕೆ 1700 ಡಿಗ್ರಿ ಬೇಕು, ಸೋಡಾ ಹಾಕಿದ್ರೆ ಅದು ತುಂಬಾ ಇಳಿಯತ್ತೆ. ಆದ್ರೆ ಬರೀ ಮರಳು ಸೋಡಾದಲ್ಲಿ ಮಾಡಿದ ಗಾಜು ನೀರಲ್ಲಿ ಕರಗೋಗತ್ತೆ, ಅದನ್ನ ತಡೆಯೋದು ಸುಣ್ಣ. ಇವೆಲ್ಲಾ ಬೆರೆಸಿದ ಪುಡಿಗೆ ಬ್ಯಾಚ್ ಅಂತಾರೆ. ಸುಮಾರು 1200 ಕೆಜಿ ಬ್ಯಾಚ್ ಹಾಕಿದ್ರೆ 1000 ಕೆಜಿ ಗಾಜು ಬರತ್ತೆ, ಉಳಿದಿದ್ದು ಬಹುಪಾಲು ಕಾರ್ಬನ್ ಡೈ ಆಕ್ಸೈಡ್ ಆಗಿ ಚಿಮಣಿ ಸೇರತ್ತೆ. ಹಳೇ ಒಡೆದ ಗಾಜು, ಅಂದ್ರೆ ಕಲೆಟ್, ಬೆರೆಸಿದ್ರೆ ಈ ನಷ್ಟ ಇಲ್ಲ, ಬೇಗನೂ ಕರಗತ್ತೆ, ನೂರಕ್ಕೆ ಹತ್ತು ಕಲೆಟ್ ಜಾಸ್ತಿ ಮಾಡಿದ್ರೆ ಇಂಧನದಲ್ಲಿ ಎರಡೂವರೆ ಮೂರು ಪರ್ಸೆಂಟ್ ಉಳಿಯತ್ತೆ. ನೀವು ಗುಜರಿಯವನಿಗೆ ಕೊಟ್ಟ ಬಿಯರ್ ಬಾಟಲು ಹಂಗೆ ವಾಪಸ್ ಹೋಗ್ತಿರತ್ತೆ.

ಇಲ್ಲಿ ಒಂದು ವಿಷಯ ಹಿಡ್ಕೊಂಡ್ರೆ ಮಿಕ್ಕಿದ್ದೆಲ್ಲಾ ಸುಲಭ. ಐಸ್ ಸೊನ್ನೆ ಡಿಗ್ರಿಗೆ ನೀರಾಗತ್ತೆ, ಗಾಜಿಗೆ ಅಂಥ ಒಂದು ಪಾಯಿಂಟ್ ಇಲ್ಲ. ಬೆಲ್ಲದ ಪಾಕ ಒಲೆ ಮೇಲೆ ಎಳೆ ಬರೋದು, ಉಂಡೆ ಕಟ್ಟೋದು, ಆಮೇಲೆ ಕಟಕ್ ಅಂತ ಮುರಿಯೋದು ಹಂಗೆ ಗಾಜೂ ತಣ್ಣಗಾಗ್ತಾ ಗಟ್ಟಿ ಆಗ್ತಾ ಹೋಗತ್ತೆ ಅಷ್ಟೇ. ಈ ಮಂದತನಕ್ಕೆ ವಿಸ್ಕಾಸಿಟಿ ಅಂತಾರೆ. ಪ್ಲಾಂಟಲ್ಲಿ ಎಲ್ರೂ ಟೆಂಪರೇಚರ್ ಟೆಂಪರೇಚರ್ ಅಂತ ಬಡ್ಕೋತಾರೆ, ನಿಜವಾಗ್ಲೂ ಅವರಿಗೆ ಬೇಕಿರೋದು ವಿಸ್ಕಾಸಿಟಿ, ಟೆಂಪರೇಚರ್ ಅದನ್ನ ತಿರುಗಿಸೋ ಹಿಡಿಕೆ. 1100 ಡಿಗ್ರಿ ಆಸುಪಾಸಲ್ಲಿ ಬಾಟಲ್ ಊದೋ ಹದ, 720 ಆಸುಪಾಸು ಬಂದ್ರೆ ತನ್ನ ಭಾರಕ್ಕೆ ತಾನು ಬಾಗುತ್ತೆ, 550 ಹತ್ರ ಒಳಗಿನ ಒತ್ತಡ ಕೆಲವೇ ನಿಮಿಷದಲ್ಲಿ ಕರಗಿ ಹೋಗತ್ತೆ, ಅದಕ್ಕಿಂತ ಕೆಳಗೆ ಹೋದ್ಮೇಲೆ ಒಳಗಿರೋ ಒತ್ತಡ ಅಲ್ಲೇ ಪರ್ಮನೆಂಟು.

ಸರಿ, ಈಗ ಕೆರಿಯರ್. ಟ್ರೇನಿಯಾಗಿ ಸೇರಿದ ಹುಡುಗನ್ನ ಸಾಮಾನ್ಯವಾಗಿ ಹಾಟ್ ಎಂಡಿಗೆ, ಅಂದ್ರೆ ಬಿಸಿ ಗಾಜಿಗೆ ಆಕಾರ ಕೊಡೋ ಕಡೆಗೆ ಹಾಕ್ತಾರೆ, ಬಾಟಲ್ ಪ್ಲಾಂಟ್ ಆದ್ರೆ ಐಎಸ್ ಮಷೀನ್ ಪಕ್ಕಕ್ಕೆ. ಆ ಮಷೀನ್ ಒಂದ್ಸಲ ನೋಡ್ಬೇಕು ನೀವು. ಮೇಲಿಂದ ಕೆಂಪಗೆ ಉರಿಯೋ ಗಾಜು ತೂತಿಂದ ಇಳಿಯತ್ತೆ, ಕತ್ತರಿ ಬ್ಲೇಡ್ ಚಕ್ ಅಂತ ಕತ್ತರಿಸತ್ತೆ, ಬಿದ್ದ ಉಂಡೆಗೆ ಗಾಬ್ ಅಂತ ಹೆಸರು. ಗಾಬ್ ಜಾರುಬಂಡೇಲಿ ಜಾರಿ ಮೊದಲನೇ ಅಚ್ಚಿಗೆ ಬೀಳತ್ತೆ, ಅಲ್ಲಿ ಬಾಟಲಿನ ಕತ್ತು ಆಗತ್ತೆ, ಆಮೇಲೆ ಒಂದು ಕೈ ಅದನ್ನ ತಲೆಕೆಳಗು ಮಾಡಿ ಎರಡನೇ ಅಚ್ಚಿಗೆ ಇಡತ್ತೆ, ಗಾಳಿ ಊದತ್ತೆ, ಬಾಟಲು ರೆಡಿ. ಹತ್ತು ಹನ್ನೆರಡು ಸೆಕ್ಷನ್ ಹಿಂಗೇ ಸಾಲಾಗಿ ಕುಣೀತಾ ನಿಮಿಷಕ್ಕೆ ಇನ್ನೂರು ಮುನ್ನೂರು ಬಾಟಲು ಉಗುಳತ್ತೆ. ಸದ್ದಿಗೆ ಕಿವಿಗೆ ಪ್ಲಗ್ ಇಲ್ದೆ ನಿಲ್ಲೋಕಾಗಲ್ಲ, ಬಿಸಿಗೆ ಶರ್ಟು ಹತ್ತು ನಿಮಿಷಕ್ಕೆ ಒದ್ದೆ.

ಆಪರೇಟರ್ ಒಬ್ರು ಉದ್ದ ಕೋಲಿಗೆ ಬಟ್ಟೆ ಸುತ್ತಿ ಗ್ರಾಫೈಟ್ ಬೆರೆಸಿದ ಎಣ್ಣೆಯಲ್ಲಿ ಅದ್ದಿ, ಓಡ್ತಿರೋ ಅಚ್ಚಿನೊಳಗೆ ಒಂದೇ ಕ್ಷಣದಲ್ಲಿ ಸವರಿ ಕೈ ಹಿಂದಕ್ಕೆ ತಗೋತಾರೆ, ಭಗ್ ಅಂತ ಹೊಗೆ ಏಳತ್ತೆ. ಸ್ವಾಬಿಂಗ್ ಅಂತಾರೆ ಇದಕ್ಕೆ. ಸವರದೇ ಇದ್ರೆ ಗಾಬ್ ಅಚ್ಚಿಗೆ ಅಂಟತ್ತೆ, ಸವರಿದ್ರೆ ಮುಂದಿನ ಕೆಲವು ಬಾಟಲು ಕಪ್ಪು ಕಲೆ ಆಗಿ ರಿಜೆಕ್ಟ್, ಸ್ವಲ್ಪ ಜಾಸ್ತಿ ಸವರಿದ್ರೆ ಗಾಬ್ ಜೋರಾಗಿ ಜಾರಿ ಗಾಜು ಒಂದು ಕಡೆ ದಪ್ಪ ಇನ್ನೊಂದು ಕಡೆ ತೆಳು. ಒಳ್ಳೇ ಸ್ವಾಬರ್ ಕೈಯ ಹದ ಯಾವ ಮ್ಯಾನ್ಯುಯಲಲ್ಲೂ ಬರೆದಿಲ್ಲ, ಈಗ ರೋಬೋಟ್ ಬರ್ತಿದೆ, ಬರ್ಲಿ, ಯಾಕಂದ್ರೆ ಅದು ನಿಜವಾಗ್ಲೂ ಅಪಾಯದ ಕೆಲಸ. ಈ ಹಂತದಲ್ಲಿ ಶಿಫ್ಟ್ ಇಂಜಿನಿಯರ್ ಕಲಿಯೋದು ಬೇಗ ರಿಯಾಕ್ಟ್ ಮಾಡೋದನ್ನ. ಗಾಬ್ ತೂಕ ಎರಡು ಗ್ರಾಂ ಹೆಚ್ಚಾಯ್ತಾ, ಅಡ್ಜಸ್ಟ್ ಮಾಡು, ಐದು ನಿಮಿಷದಲ್ಲಿ ಸರಿ ಹೋಗತ್ತೆ. ಬಾಟಲಿನ ಬಾಯಲ್ಲಿ ಬಿರುಕಾ, ಆ ಸೆಕ್ಷನ್ ನಿಲ್ಲಿಸು, ಅಚ್ಚು ಬದಲಾಯಿಸು. ಉತ್ತರ ಕಣ್ಮುಂದೆ.

ಪ್ರೋಸೆಸ್ ಇಂಜಿನಿಯರ್ ಆದ ದಿನ ಈ ಬುದ್ಧೀನೇ ಶತ್ರು ಆಗತ್ತೆ. ಯಾಕಂದ್ರೆ ಈಗ ನೋಡ್ಕೋಬೇಕಿರೋದು ಲೆಹರ್ ಮತ್ತೆ ಫರ್ನೇಸು. ಲೆಹರ್ ಅಂದ್ರೆ ಉದ್ದನೆ ಸುರಂಗದ ಥರದ ಒಲೆ, ಗಾಜನ್ನ ನಿಧಾನಕ್ಕೆ ತಣ್ಣಗೆ ಮಾಡೋದಕ್ಕೆ. ಬೇಗ ತಣ್ಣಗಾದ್ರೆ ಹೊರಗಡೆ ಗಟ್ಟಿ ಆಗಿ ಒಳಗೆ ಇನ್ನೂ ಕುಗ್ತಾ ಇರತ್ತೆ, ಆ ಎಳೆದಾಟ ಒಳಗೇ ಉಳ್ಕೊಳತ್ತೆ. ಕಣ್ಣಿಗೆ ಏನೂ ಕಾಣಲ್ಲ. ಪೋಲಾರಿಸ್ಕೋಪ್ ಅಂತ ಒಂದು ಉಪಕರಣ ಇದೆ, ಅದರ ಎರಡು ಫಿಲ್ಟರ್ ಮಧ್ಯೆ ಬಾಟಲ್ ತಿರುಗಿಸಿದ್ರೆ ಒತ್ತಡ ಇರೋ ಕಡೆ ನೀಲಿ, ಹಳದಿ, ಕಿತ್ತಳೆ ಬಣ್ಣ ಎದ್ದು ಬರತ್ತೆ. ಹಾಟ್ ಎಂಡಲ್ಲಿ ಆದ ತಪ್ಪು ಲೆಹರ್ ದಾಟಿ ಕೋಲ್ಡ್ ಎಂಡಿನ ಇನ್ಸ್‌ಪೆಕ್ಷನಲ್ಲಿ ಗೊತ್ತಾಗೋ ಹೊತ್ತಿಗೆ ಅರ್ಧ ಮುಕ್ಕಾಲು ಗಂಟೆ ಆಗಿರತ್ತೆ, ಅಷ್ಟರಲ್ಲಿ ಸಾವಿರಾರು ಬಾಟಲು ಹಿಂದೆ ಕ್ಯೂ ನಿಂತಿರತ್ತೆ.

ಫರ್ನೇಸ್ ಇನ್ನೂ ಮೋಸ. ಇವತ್ತು ಬೆಳಗ್ಗೆ ಹಾಕಿದ ಬ್ಯಾಚ್ ಬಾಟಲ್ ಫರ್ನೇಸಲ್ಲಿ ಸರಾಸರಿ ಒಂದು ದಿನ ಸುತ್ತಾಡತ್ತೆ, ಫ್ಲೋಟಲ್ಲಿ ಎರಡು ಮೂರು ದಿನ. ಗಾಜಲ್ಲಿ ಸಣ್ಣ ಗುಳ್ಳೆ ಜಾಸ್ತಿ ಆಯ್ತು ಅಂದ್ಕೊಳ್ಳಿ, ಇದಕ್ಕೆ ಸೀಡ್ ಅಂತಾರೆ. ಎ ಶಿಫ್ಟಿನವನು ಗ್ಯಾಸ್ ಏರಿಸ್ತಾನೆ. ನಾಲ್ಕು ಗಂಟೆ ನೋಡಿ ಏನೂ ಆಗ್ಲಿಲ್ಲ ಅಂತ ಇನ್ನಷ್ಟು ಏರಿಸ್ತಾನೆ. ಬಿ ಶಿಫ್ಟಿನವನು ಬಂದು ಕ್ರೌನ್, ಅಂದ್ರೆ ಫರ್ನೇಸ್ ಚಾವಣಿ, ಬಿಸಿ ಆಗಿದೆ ಅಂತ ಇಳಿಸ್ತಾನೆ. ಸಿ ಶಿಫ್ಟಲ್ಲಿ ಮೊದಲನೇ ಬದಲಾವಣೆಯ ಪರಿಣಾಮ ಬರೋಕೆ ಶುರು ಆಗತ್ತೆ, ಅವನಿಗೆ ಅದು ಎಲ್ಲಿಂದ ಬಂತು ಗೊತ್ತಿಲ್ಲ, ಅವನೂ ಏನೋ ಒಂದು ತಿರುಗಿಸ್ತಾನೆ. ಮೂರು ದಿನ ಆದ್ಮೇಲೆ ಟ್ರೆಂಡ್ ಗ್ರಾಫ್ ನೋಡಿದ್ರೆ ಹಾವಿನ ಥರ, ಮೂಲ ಸಮಸ್ಯೆ ಬಹುಶಃ ಕಲೆಟ್ ಜೊತೆ ಬಂದ ಎಣ್ಣೆ, ಪ್ಲಾಸ್ಟಿಕ್ ಲೇಬಲ್ಲು. ಅಂಥ ಕೊಳೆ ಜಾಸ್ತಿ ಆದ್ರೆ ಗಾಜಿನ ರೆಡಾಕ್ಸ್, ಅಂದ್ರೆ ಒಳಗಿನ ಆಕ್ಸಿಡೇಷನ್ ರಿಡಕ್ಷನ್ ಬ್ಯಾಲೆನ್ಸು, ಬದಲಾಗತ್ತೆ, ನೊರೆ ಏಳತ್ತೆ, ಕಂದು ಬಣ್ಣದ ಬಾಟಲಲ್ಲಿ ಬಣ್ಣನೇ ಆಚೀಚೆ ಆಗತ್ತೆ, ಯಾಕಂದ್ರೆ ಆ ಕಂದು ಬರೋದೇ ಕಬ್ಬಿಣ, ಗಂಧಕ, ಕಾರ್ಬನ್ ಮೂರರ ನಾಜೂಕಾದ ಹೊಂದಾಣಿಕೆಯಿಂದ. ಗ್ಯಾಸ್ ವಾಲ್ವಿಗೂ ಅದಕ್ಕೂ ಸಂಬಂಧನೇ ಇಲ್ಲ.

ಹಂಗಾಗಿ ಪ್ರೋಸೆಸ್ ಇಂಜಿನಿಯರ್ ಸಂಬಳದಲ್ಲಿ ಅರ್ಧ, ಮುಟ್ಟದೇ ಇರೋದಕ್ಕೆ ಕೊಡೋದು ಅಂತ ನಾನು ಹೇಳ್ತೀನಿ. ಕಂಟ್ರೋಲ್ ಚಾರ್ಟ್ ಅನ್ನೋದರ ಉಪಯೋಗನೂ ಅದೇ, ಏರುಪೇರು ಮಾಮೂಲಿದಾ ಇಲ್ಲ ಹೊಸದೇನಾದ್ರೂ ನುಗ್ಗಿದೆಯಾ ಅಂತ ಬೇರ್ಪಡಿಸೋದು. ಮಾಮೂಲಿ ಏರುಪೇರಿಗೆ ಕೈ ಹಾಕಿದ್ರೆ ಏರುಪೇರು ಜಾಸ್ತಿನೇ ಆಗೋದು. ಕಾಲೇಜಲ್ಲಿ ಇದನ್ನ ಒಂದು ಚಾಪ್ಟರ್ ಅಂತ ಓದಿ ಪಾಸಾಗ್ತೀವಿ, ಇಲ್ಲಿ ರಾತ್ರಿ ಮೂರು ಗಂಟೆಗೆ ಫೋನ್ ಬಂದಾಗ "ಏನೂ ಮಾಡ್ಬೇಡ ಗುರು, ಆರು ಗಂಟೆ ತನಕ ಹಂಗೇ ಬಿಡು" ಅನ್ನೋ ಧೈರ್ಯ ಬೇಕು.

ಫ್ಲೋಟ್ ಗಾಜಿನ ಕಥೆ ಇಲ್ಲಿ ಹೇಳ್ಲೇಬೇಕು. ಲಾಲ್‌ಬಾಗ್ ಗ್ಲಾಸ್ ಹೌಸಿಗೆ 1889ರಲ್ಲಿ ಅಡಿಗಲ್ಲು ಹಾಕಿದಾಗ ಇವತ್ತಿನ ಥರ ಸಮ ಗಾಜು ಸಲೀಸಾಗಿ ಮಾಡೋ ದಾರಿ ಜಗತ್ತಲ್ಲೇ ಇರ್ಲಿಲ್ಲ, ನುಣುಪು ಬೇಕಂದ್ರೆ ಎರಡೂ ಕಡೆ ಉಜ್ಜಿ ಪಾಲಿಶ್ ಮಾಡ್ಬೇಕಿತ್ತು. ಅಲಾಸ್ಟೇರ್ ಪಿಲ್ಕಿಂಗ್ಟನ್ ಅನ್ನೋ ಇಂಗ್ಲಿಷ್ ಇಂಜಿನಿಯರ್‌ಗೆ 1952ರಲ್ಲಿ ಹೊಳೆದಿದ್ದು, ಕರಗಿದ ತವರದ ಮೇಲೆ ಗಾಜನ್ನ ತೇಲಿಸಿದ್ರೆ ಹೆಂಗೆ ಅಂತ. ತವರ 232 ಡಿಗ್ರಿಗೇ ಕರಗತ್ತೆ, ಗಾಜಿಗಿಂತ ಭಾರ, ಗಾಜಿನ ಜೊತೆ ಬೆರೆಯಲ್ಲ. ಸುಮಾರು 1000 ಡಿಗ್ರಿ ಮೇಲೆ ಅದರ ಮೇಲೆ ಬಿದ್ದ ಗಾಜು ತಾನಾಗಿ ಹರಡಿ ಸಮ ಆಗಿ, 600 ಡಿಗ್ರಿ ಹೊತ್ತಿಗೆ ಎತ್ತಿ ರೋಲರ್ ಮೇಲೆ ಹಾಕುವಷ್ಟು ಗಟ್ಟಿ ಆಗತ್ತೆ. ಸುಮ್ನೆ ಬಿಟ್ರೆ ಆರೂವರೆ ಏಳು ಎಂಎಂ ದಪ್ಪಕ್ಕೆ ನಿಲ್ಲತ್ತೆ, ತೆಳು ಬೇಕಂದ್ರೆ ಅಂಚನ್ನ ಹಲ್ಲಿನ ಚಕ್ರದಲ್ಲಿ ಹಿಡಿದು ಎಳೀಬೇಕು. ತವರ ತುಕ್ಕು ಹಿಡೀದಂಗೆ ಮೇಲೆಲ್ಲಾ ನೈಟ್ರೋಜನ್, ಸ್ವಲ್ಪ ಹೈಡ್ರೋಜನ್. ಕೇಳೋಕೆ ಸಿಂಪಲ್, ಆದ್ರೆ ಜಗತ್ತಿಗೆ ಹೇಳ್ಕೊಂಡಿದ್ದು 1959ರಲ್ಲಿ, ಅದಕ್ಕೂ ಮುಂಚೆ ಮೊದಲನೇ ಪ್ರೊಡಕ್ಷನ್ ಲೈನಲ್ಲಿ ಒಂದು ವರ್ಷಕ್ಕೂ ಜಾಸ್ತಿ ಮಾರೋಕೆ ಯೋಗ್ಯವಾದ ಗಾಜು ಬರ್ಲೇ ಇಲ್ಲ. ದಿನಾ ಟನ್‌ಗಟ್ಟಲೆ ಒಡೆದು ಹಾಕ್ತಾ ಇನ್ನೊಂದು ತಿಂಗಳು ನೋಡೋಣ ಅಂದ ಮ್ಯಾನೇಜ್‌ಮೆಂಟ್ ಈಗ ಎಲ್ಲಿ ಸಿಗತ್ತೆ ಹೇಳಿ, ನಮ್ಮ ಊರಿನ ಸ್ಟಾರ್ಟಪ್‌ಗಳಲ್ಲಿ ಎರಡನೇ ಕ್ವಾರ್ಟರ್‌ಗೇ ಟೀಮ್ ಎತ್ಬಿಡ್ತಿದ್ರು.

ಮ್ಯಾನೇಜರ್ ಕುರ್ಚಿಗೆ ಬಂದ್ರೆ ಲೆಕ್ಕ ವರ್ಷದಲ್ಲಿ. ಇದಕ್ಕೆ ಒಳ್ಳೇ ಉದಾಹರಣೆ ನಮ್ಮ ಟೆಕ್ ಪಾರ್ಕುಗಳಲ್ಲೇ ಇದೆ. ಆಗಾಗ ಯಾವುದೋ ಬಿಲ್ಡಿಂಗಲ್ಲಿ ಟಫನ್ಡ್ ಗಾಜು ಯಾರೂ ಮುಟ್ಟದೇ ಢಂ ಅಂತ ಒಡೆದು ಕಡಲೇ ಬೀಜದಷ್ಟು ಚೂರಾಗಿ ಬೀಳತ್ತೆ. ಸೆಕ್ಯೂರಿಟಿಯವರು ಯಾರೋ ಕಲ್ಲು ಹೊಡೆದ್ರು ಅಂತ ಬರ್ಕೋತಾರೆ. ಚೂರು ಇನ್ನೂ ಫ್ರೇಮಲ್ಲೇ ನಿಂತಿದ್ರೆ ಒಡೆತ ಶುರುವಾದ ಜಾಗ ಹುಡುಕಿ ನೋಡಿ, ಅಕ್ಕಪಕ್ಕ ಎರಡು ಸ್ವಲ್ಪ ದೊಡ್ಡ ಚೂರು ಚಿಟ್ಟೆ ರೆಕ್ಕೆ ಆಕಾರದಲ್ಲಿ ಇದ್ರೆ, ಅವೆರಡರ ಮಧ್ಯದ ಗೆರೆ ಮೇಲೆ ಲೆನ್ಸ್ ಹಿಡಿದ್ರೆ ಒಂದು ಎಂಎಂನ ಹತ್ತನೇ ಒಂದು ಭಾಗದಷ್ಟು ಕಪ್ಪು ಚುಕ್ಕಿ ಕಾಣ್ಬಹುದು. ಅದು ನಿಕಲ್ ಸಲ್ಫೈಡು. ಗಾಜು ಕರಗಿಸೋವಾಗ ಬ್ಯಾಚಲ್ಲೋ ಕಲೆಟಲ್ಲೋ ಸ್ಟೇನ್‌ಲೆಸ್ ಸ್ಟೀಲಿನ ಚೂರು ಬಿದ್ದಿರತ್ತೆ, ಅದರ ನಿಕಲ್ ಗಂಧಕದ ಜೊತೆ ಸೇರಿ ಈ ಕಣ ಆಗತ್ತೆ. ಮಾಮೂಲಿ ಗಾಜಲ್ಲಿ ಇದ್ರೆ ತೊಂದರೆ ಇಲ್ಲ. ಟಫನಿಂಗ್ ಮಾಡುವಾಗ 600 ಡಿಗ್ರಿ ದಾಟಿಸಿ ಒಮ್ಮೆಲೇ ಗಾಳಿ ಊದಿ ತಣ್ಣಗೆ ಮಾಡ್ತಾರಲ್ಲ, ಆಗ ಈ ಕಣ ತನ್ನ ಬಿಸಿ ಹರಳು ರೂಪದಲ್ಲೇ ಸಿಕ್ಕಾಕ್ಕೊಂಡು ಬಿಡತ್ತೆ. ಆಮೇಲೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ನಿಧಾನವಾಗಿ ತಣ್ಣನೆ ರೂಪಕ್ಕೆ ತಿರುಗ್ತಾ ಎರಡರಿಂದ ನಾಲ್ಕು ಪರ್ಸೆಂಟ್ ಊದ್ಕೊಳತ್ತೆ, ಟಫನ್ಡ್ ಗಾಜಿನ ಮಧ್ಯಭಾಗ ಮೊದಲೇ ಎಳೆತದಲ್ಲಿರತ್ತೆ, ಒಂದು ದಿನ ಢಂ.

ಅಂದ್ರೆ ಎಲ್ಲೋ ಬ್ಯಾಚ್ ಹೌಸಲ್ಲಿ ಫಿಟ್ಟರ್ ಒಬ್ಬ ಬೀಳಿಸ್ಕೊಂಡ ಸ್ಟೀಲ್ ವಾಷರ್ರಿಗೆ ಮೂರು ವರ್ಷ ಆದ್ಮೇಲೆ ಎಂಟನೇ ಮಹಡೀಲಿ ಉತ್ತರ ಬರತ್ತೆ. ಇದನ್ನ ತಡೆಯೋದು ಯಾವ ಶಿಫ್ಟಿನ ಕೈಲೂ ಇಲ್ಲ. ಗಾಜಿನ ದಾರೀಲಿ ಬರೋ ಕಡೆ ನಿಕಲ್ ಇರೋ ಲೋಹ ಬಳಸ್ಬಾರದು, ಹೊರಗಿನ ಕಲೆಟ್ ಅಗ್ಗ ಅಂತ ಕಣ್ಮುಚ್ಚಿ ತಗೋಬಾರದು, ಇಂಥವು ಮ್ಯಾನೇಜರ್ ಮಾಡ್ಬೇಕಾದ ರೂಲು, ಪರ್ಚೇಸ್ ಡಿಪಾರ್ಟ್‌ಮೆಂಟ್ ಜೊತೆ ಜಗಳ ಆಡಿ ಉಳಿಸ್ಕೋಬೇಕಾದ ರೂಲು. ಟಫನಿಂಗ್ ಮಾಡೋರ ಕಡೆ ಇರೋ ಉಪಾಯ ಹೀಟ್ ಸೋಕ್ ಟೆಸ್ಟು, ಗಾಜನ್ನ 250 ಡಿಗ್ರಿ ಮೇಲೆ ಕೆಲವು ಗಂಟೆ ಇಟ್ಟು ಒಡೆಯೋದಿದ್ರೆ ಫ್ಯಾಕ್ಟರೀಲೇ ಒಡೀಲಿ ಅಂತ. ದುಡ್ಡು ಉಳಿಸೋಕೆ ಬಿಲ್ಡರ್‌ಗಳು ಮೊದಲು ಕತ್ತರಿ ಹಾಕೋದು ಇದಕ್ಕೇ ಅನ್ನೋದು ನನ್ನ ಅನುಭವ.

ಇದರ ಜೊತೆ ಪುಲ್ ಎಷ್ಟು ಅನ್ನೋ ನಿರ್ಧಾರ. ಪುಲ್ ಅಂದ್ರೆ ದಿನಕ್ಕೆ ಫರ್ನೇಸಿಂದ ಎಷ್ಟು ಟನ್ ಎಳೀತೀರಿ ಅಂತ. ಸೇಲ್ಸಿನವರಿಗೆ ಯಾವಾಗ್ಲೂ ಜಾಸ್ತಿ ಬೇಕು. ಜಾಸ್ತಿ ಎಳೆದ್ರೆ ಜಾಸ್ತಿ ಉರಿಸ್ಬೇಕು, ಜಾಸ್ತಿ ಉರಿಸಿದ್ರೆ ಇಟ್ಟಿಗೆ ಬೇಗ ಸವೆಯತ್ತೆ, ಈ ವರ್ಷದ ಬೋನಸ್ಸಿಗೆ ಹನ್ನೆರಡು ವರ್ಷ ಬರ್ಬೇಕಿದ್ದ ಫರ್ನೇಸ್ ಒಂಬತ್ತಕ್ಕೇ ಸುಸ್ತು. ಆಗ ಆ ಬೋನಸ್ ತಗೊಂಡ ಮ್ಯಾನೇಜರ್ ಬೇರೆ ಕಂಪನೀಲಿ ಇರ್ತಾನೆ, ಅದೂ ಒಂದು ಕೆರಿಯರ್ರೇ, ಏನ್ ಹೇಳೋದು.

ಫರ್ನೇಸ್ ಆಯುಷ್ಯ ಮುಗಿದಾಗ ಗಾಜನ್ನೆಲ್ಲಾ ಬಸಿದು, ತಣ್ಣಗೆ ಮಾಡಿ, ಇಟ್ಟಿಗೆ ಕಿತ್ತು ಹೊಸದು ಕಟ್ತಾರೆ, ಕೋಲ್ಡ್ ರಿಪೇರ್ ಅಂತ. ಕಟ್ಟೋದಕ್ಕಿಂತ ಭಯ ಮತ್ತೆ ಬಿಸಿ ಮಾಡೋದು. ಕ್ರೌನ್, ಅಂದ್ರೆ ಕಮಾನಿನ ಚಾವಣಿ, ಸಿಲಿಕಾ ಇಟ್ಟಿಗೇದು, ಮೊದಲ ಕೆಲವು ನೂರು ಡಿಗ್ರಿ ಒಳಗೇ ಅದರ ಹರಳು ರೂಪ ಬದಲಾಗಿ ಗಕ್ಕಂತ ಹಿಗ್ಗತ್ತೆ. ಅದಕ್ಕೆ ಗಂಟೆಗೆ ಕೆಲವೇ ಡಿಗ್ರಿ ಲೆಕ್ಕದಲ್ಲಿ, ವಾರಗಟ್ಟಲೆ ಏರಿಸೋದು. ಚಾವಣಿ ಹಿಗ್ತಾ ಮೇಲೇಳತ್ತೆ, ಅದನ್ನ ಎರಡೂ ಕಡೆಯಿಂದ ಬಿಗಿದಿರೋ ಟೈ ರಾಡುಗಳ ನಟ್ಟನ್ನ ಅಳತೆ ನೋಡ್ಕೊಂಡು ಹಗಲೂ ರಾತ್ರಿ ಕೈಯಲ್ಲೇ ಸಡಿಲಿಸ್ತಾ ಹೋಗ್ಬೇಕು. ಬಿಗಿ ಇದ್ರೆ ಇಟ್ಟಿಗೆ ಪುಡಿ, ಸಡಿಲ ಆದ್ರೆ ಕಮಾನು ಕುಸಿಯತ್ತೆ. ಒಬ್ಬ ಮ್ಯಾನೇಜರ್‌ಗೆ ಪೂರ್ತಿ ಸರ್ವಿಸಲ್ಲಿ ಇದು ಎರಡು ಮೂರು ಸಲ ಸಿಕ್ಕಿದ್ರೆ ಜಾಸ್ತಿ.

ನಮ್ಮ ಕಡೆ ಹುಡುಗ ಹುಡುಗೀರು ಈ ಲೈನಿಗೆ ಹೋಗ್ಬೇಕಂದ್ರೆ ದಾರಿ ಇದೆ. ಕಲಬುರಗಿಯ ಪಿಡಿಎ ಕಾಲೇಜಲ್ಲಿ ಸೆರಾಮಿಕ್ ಮತ್ತು ಸಿಮೆಂಟ್ ಟೆಕ್ನಾಲಜಿ ಬ್ರಾಂಚ್ ನಡೆದುಕೊಂಡು ಬಂದಿದೆ, ಆದ್ರೆ ಮೆಕ್ಯಾನಿಕಲ್, ಕೆಮಿಕಲ್, ಇನ್ಸ್ಟ್ರುಮೆಂಟೇಶನ್ ಮಾಡಿದೋರೂ ಎಷ್ಟೋ ಜನ ಇದಾರೆ. ಬೆಂಗಳೂರಲ್ಲಿ ಪೀಣ್ಯ, ಬೊಮ್ಮಸಂದ್ರ ಕಡೆ ಇರೋದು ಬಹುಪಾಲು ಪ್ರೋಸೆಸಿಂಗು, ಅಂದ್ರೆ ರೆಡಿ ಗಾಜನ್ನ ತಂದು ಕಟ್ ಮಾಡಿ, ಅಂಚು ಉಜ್ಜಿ, ಟಫನ್ ಮಾಡಿ, ಎರಡು ಗಾಜು ಸೇರಿಸಿ ಕೊಡೋದು. ಅಲ್ಲಿ ಸಂಜೆ ಮಷೀನ್ ಆಫ್ ಮಾಡಿ ಮನೆಗೆ ಹೋಗ್ಬಹುದು, ಕಲಿಯೋಕೂ ಒಳ್ಳೇದು, ಆದ್ರೆ ಕರಗಿಸೋದನ್ನ ಕಲೀಬೇಕಂದ್ರೆ ಊರು ಬಿಡ್ಬೇಕು. ನಮಗೆ ಹತ್ತಿರ ಅಂದ್ರೆ ಚೆನ್ನೈ ಪಕ್ಕದ ಶ್ರೀಪೆರಂಬದೂರು, ಅಲ್ಲಿ ಸೇಂಟ್ ಗೋಬೇನ್ 2000ದಲ್ಲಿ ಫ್ಲೋಟ್ ಲೈನ್ ಶುರು ಮಾಡಿದ್ದು.

ಇಂಟರ್‌ವ್ಯೂಗೆ ಹೋದಾಗ ಸಂಬಳ, ಕ್ವಾರ್ಟರ್ಸು, ಶಿಫ್ಟ್ ಅಲವೆನ್ಸು ಎಲ್ಲಾ ಕೇಳಿ, ಜೊತೆಗೆ ಫರ್ನೇಸಿಗೆ ಈಗ ಎಷ್ಟು ವರ್ಷ ಅಂತನೂ ಕೇಳಿ. ಎರಡು ಮೂರು ವರ್ಷ ಅಂದ್ರೆ ಆರಾಮಾಗಿ ಸ್ಟೆಡಿ ರನ್ನಿಂಗ್ ಕಲೀಬಹುದು. ಹತ್ತೋ ಹನ್ನೊಂದೋ ಅಂದ್ರೆ ಅಲ್ಲಿ ಹಾಟ್ ಸ್ಪಾಟು (ಇಟ್ಟಿಗೆ ಸವೆದು ಕಾದ ಜಾಗ), ಪ್ಯಾಚ್ ರಿಪೇರಿ, ನಿದ್ದೆಗೆಟ್ಟ ರಾತ್ರಿ ಗ್ಯಾರಂಟಿ, ಆದ್ರೆ ಕೋಲ್ಡ್ ರಿಪೇರ್ ನೋಡೋ ಚಾನ್ಸು ಸೇರಿದ ಒಂದೆರಡು ವರ್ಷದಲ್ಲೇ ಸಿಗತ್ತೆ. ನನ್ನ ಕೇಳಿದ್ರೆ ಮದುವೆಗೆ ಮುಂಚೆ ಆದ್ರೆ ಎರಡನೇದಕ್ಕೇ ಹೋಗಿ.